ಅರಮನೆಗೆ ಹೋದ ಚಟ್ನಿಪುಡಿ

ಆ ಬೆಳಿಗ್ಗೆಯನ್ನು ನೆನೆದರೆ ಈಗಲೂ ‘ಸದ್ಯ’ ಎನ್ನುವ ಮಾತೇ ಮೊದಲು ಬಾಯಿಗೆ ಬರುತ್ತದೆ.

ಹೋಟೆಲಾಗಿರುವ ಹಳೆಯ ಅರಮನೆಯೊಂದರಲ್ಲಿ ಅಮ್ಮನನ್ನು ಒಂದು ರಾತ್ರಿ ಇರಿಸಬೇಕು ಎಂಬುದು ನನ್ನ ಗಂಡನ ಬಹಳ ದಿನದ ಆಸೆ. ಅಲ್ಲಾಳಸಂದ್ರ ಬಿಟ್ಟರೆ ನಿದ್ದೆ ಬರದ ನಮ್ಮತ್ತೆ ಮಗನಿಗಾಗಿ ಹೊರಟರು. ರಾಜರ ಮನೆ ಊಟ ಸಪ್ಪೆಯಿದ್ದೀತು ಎಂಬ ಅನುಮಾನದಿಂದ, ಹಳೆಯ ಐಸ್‌ಕ್ರೀಮ್ ಡಬ್ಬಿಯಲ್ಲಿ ಬೆಳ್ಳುಳ್ಳಿ ಚಟ್ನಿಪುಡಿಯನ್ನೂ ತುಂಬಿಕೊಂಡರು.

ಮೂವರಿಗೂ ಒಂದೇ ರೂಮು. ಮಂಚವೇ ನಮ್ಮ ಅಡುಗೆಮನೆಯಷ್ಟಿತ್ತು. ನಾನು ಬಾಯಿಬಿಟ್ಟುಕೊಂಡು ನಿಂತಿದ್ದರೆ ಅತ್ತೆ ಮಂಚದ ಕೆಳಗೆ ಬಗ್ಗಿ ನೋಡಿ, “ಚೆಂದಾಗ್ ಗುಡಿಸವ್ರೆ” ಎಂದು ಸರ್ಟಿಫಿಕೇಟು ಕೊಟ್ಟರು.

ಬೆಳಿಗ್ಗೆ ತಿಂಡಿಗೆ ಕೂತಾಗ ಅವರ ಕಿವಿ ಬರಿದಾಗಿರುವುದು ಕಣ್ಣಿಗೆ ಬಿತ್ತು.

“ಬೆಂಡೋಲೆ ಎಲ್ಲತ್ತೆ?”

“ರಾತ್ರಿ ಚಟ್ನಿಪುಡಿ ಡಬ್ಬೀಲಿ ಊತಿಟ್ಟೆ ಕಣವ್ವ. ಗೊತ್ತಿಲ್ಲದ್ ಜಾಗ, ಯಾರ್ ಬತ್ತಾರೋ ಯಾರ್ ಓಯ್ತಾರೋ.”

ನನಗೇನೂ ಆಶ್ಚರ್ಯವಾಗಲಿಲ್ಲ. ಊರಿಗೆ ಹೊರಟಾಗಲೆಲ್ಲ ಅವರ ಚಿನ್ನ ರಾಗಿಹಿಟ್ಟಿನ ಡಬ್ಬಿ ಸೇರುತ್ತದೆ. ಕಳ್ಳ ಬೀರು ಒಡೆಯಲು ಬರುತ್ತಾನೆ, ಮುದ್ದೆ ತಿರುವಲು ಬರುವುದಿಲ್ಲ ಎಂಬುದು ಅವರ ವಾದ. ಆದರೆ ನನ್ನ ಗಂಡನ ಕೈಯಲ್ಲಿದ್ದ ದೋಸೆ ಅಲ್ಲೇ ನಿಂತಿತು. ಅಮ್ಮ ಇನ್ನೇನೋ ಹೇಳುತ್ತಿರುವಾಗಲೇ ಎದ್ದು ಓಡಿದರು. ನಾನೂ ಹಿಂದೆಯೇ ಹೋದೆ.

ಮೆಟ್ಟಿಲ ಬಳಿ ಹಿಡಿದು ಕೇಳಿದರೆ, ಪುಣ್ಯಾತ್ಮ ಬೆಳಿಗ್ಗೆ ಎದ್ದವರೇ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದ್ದಾರೆ!

“ರೂಮೆಲ್ಲಾ ಬೆಳ್ಳುಳ್ಳಿ ವಾಸ್ನೆ ಕಣೆ. ಹೋಟೆಲ್‌ನೋರು ಏನಂದ್ಕೊಳ್ತಾರೋ ಅಂತ...”

ಅದೇ ಪುಡಿ ತಿಂದು ಬೆಳೆದ ಮನುಷ್ಯ. ನನಗೆ ಮೈಯೆಲ್ಲ ಉರಿಯಿತು.

ರೂಮು ಆಗಲೇ ಕ್ಲೀನಾಗಿತ್ತು. ಬುಟ್ಟಿಗೆ ಹೊಸ ಕವರು. ರಿಸೆಪ್ಷನ್‌ಗೆ ಫೋನ್ ಮಾಡಿದರೆ, ಕಸದ ಗಾಡಿ ಹೋಯಿತು, ವಿಚಾರಿಸುತ್ತೇವೆ ಎಂದರು. ಇವರು ಆ ದೊಡ್ಡ ಮಂಚದ ತುದಿಯಲ್ಲಿ ಕೂತುಬಿಟ್ಟರು.

“ಅಜ್ಜಿ ಕೊಟ್ಟಿದ್ದು ಅಂತ ಅಮ್ಮನ ಹತ್ರ ಇರೋದು ಅದೊಂದೇ. ಹೆಂಗೆ ಹೇಳ್ಲಿ ಈಗ?”

ಕಣ್ಣು ತುಂಬಿತ್ತು. ನನ್ನ ಸಿಟ್ಟು ಇಳಿದು ಭಯ ಹತ್ತಿತು. ಬಯ್ಯಬೇಕೆಂದುಕೊಂಡಿದ್ದನ್ನು ನುಂಗಿಕೊಂಡು, ಇಬ್ಬರೂ ಸೇರಿ ಹೇಳೋಣ ಬನ್ನಿ ಎಂದು ಕರೆದುಕೊಂಡು ಬಂದೆ.

ಟೇಬಲ್ಲಿನ ಮೇಲೆ, ಪಿಂಗಾಣಿ ತಟ್ಟೆಗಳ ನಡುವೆ, ಐಸ್‌ಕ್ರೀಮ್ ಡಬ್ಬಿ ಬಾಯಿ ತೆರೆದು ಕೂತಿತ್ತು! ಪಕ್ಕದ ಸಾಸರಿನಲ್ಲಿ ಪುಡಿ ಮೆತ್ತಿದ ಬಟ್ಟೆಯ ಗಂಟು. ಅತ್ತೆ ಆಗಲೇ ಒಂದು ಓಲೆ ಹಾಕಿಕೊಂಡು ಇನ್ನೊಂದರ ತಿರುಪು ತಿರುಗಿಸುತ್ತಿದ್ದರು.

“ಎಲ್ಲೋಗಿದ್ರಿ? ದೋಸೆ ಆರೋಯ್ತು. ಡಬ್ಬಿ ಕಸದ್ ಬುಟ್ಟೀಲಿ ಬಿದ್ದಿತ್ತು ಕಣವ್ವ, ಎತ್ತಿ ಬ್ಯಾಗಿಗೆ ಆಕ್ಕಂಡೆ. ತಿನ್ನೋ ಪದಾರ್ಥ, ಅಂಗೆಲ್ಲಾ ಬಿಸಾಕ್ತಾರಾ?”

ಹೋದ ಜೀವ ಬಂತು. ನಾನು ಕುರ್ಚಿ ಎಳೆದು ಕೂತೆ. ಇಡೀ ಅರಮನೆಯಲ್ಲಿ ಆ ಡಬ್ಬಿಯಷ್ಟು ಚೆಂದದ ವಸ್ತು ನನಗೆ ಇನ್ನೊಂದು ಕಾಣಲಿಲ್ಲ. ಇವರು ಕೂತು, ತಟ್ಟೆಯನ್ನು ಅಮ್ಮನ ಮುಂದೆ ಹಿಡಿದರು.

ಅತ್ತೆ ಮಗನ ಮುಖ ನೋಡಲಿಲ್ಲ. “ನಿಂಗ್ಯಾಕಪ್ಪಾ, ವಾಸ್ನೆ ಬತ್ತದೆ” ಎಂದು, ಎರಡು ಚಮಚ ಪುಡಿ ಹಾಕಿ ಮೇಲೆ ತುಪ್ಪ ಬಿಟ್ಟರು.