ಯೋಹಾನನಿಗೆ ಕೆಲಸ ಹುಡುಕಿದ್ದು

ಇವತ್ತು ಭಾನುವಾರ. ಬೆಳಿಗ್ಗೆ ಶ್ಯಾವಿಗೆ ಪಾಯಸಕ್ಕೆಂದು ಏಲಕ್ಕಿ ಕುಟ್ಟಲು ಕೂತೆ. ಕಲ್ಲಿನ ಪುಟ್ಟ ಕುಟ್ಟಾಣಿ ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಬಂದದ್ದು. ಜಪಾನಿನ ಇಚಿಕಾವಾ ಊರಿನ ಈ ಫ್ಲ್ಯಾಟಿನಲ್ಲಿ ಅದರ ಸದ್ದು ಕೆಳಗಿನ ಮನೆಯವರಿಗೆ ಕೇಳಿಸದಿರಲಿ ಎಂದು ಟವೆಲನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಕುಟ್ಟುತ್ತೇನೆ. ಮೊದಲ ಪೆಟ್ಟಿಗೇ ಘಮ ಎದ್ದಿತು. ಆಗ ನನಗೆ ನೆನಪಾದದ್ದು ಹಬ್ಬವಲ್ಲ, ಅಮ್ಮನೂ ಅಲ್ಲ. ಆರಡಿ ಮೀರಿದ ಒಬ್ಬ ಸ್ವೀಡನ್ ದೇಶದ ಗಂಡಸು. ಏಲಕ್ಕಿ ಮೂಸಿ ಸ್ವೀಡನ್ನನ್ನು ನೆನೆಸಿಕೊಳ್ಳುವ ಮೈಸೂರಿನವರು ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ, ಒಂದು ಸಂಘ ಕಟ್ಟೋಣ.

ಅವನು ನೆನಪಾಗಲು ಇನ್ನೊಂದು ಕಾರಣವೂ ಇದೆ, ನಿಮ್ಮ ಹತ್ತಿರ ಮುಚ್ಚಿಡುವುದೇಕೆ. ಒಂಬತ್ತು ದಿನಗಳಿಂದ ನನ್ನ ಆಫೀಸ್ ಬ್ಯಾಗಿನಲ್ಲಿ ಒಂದು ಅರ್ಜಿ ಬೆಚ್ಚಗೆ ಮಲಗಿದೆ. ಮಗುವನ್ನು ನೋಡಿಕೊಳ್ಳಲು ಕೊಡುವ ರಜೆಯ ಅರ್ಜಿ. ಇಲ್ಲಿ ಅದಕ್ಕೆ ಇಕುಕ್ಯೂ ಎನ್ನುತ್ತಾರೆ. ಅಮ್ಮನಾದವಳಿಗೆ ಇರುವಂತೆ ಅಪ್ಪನಿಗೂ ಅದರ ಹಕ್ಕಿದೆ. ಹಕ್ಕೇನೋ ಇದೆ, ಆದರೆ ನಮ್ಮ ವಿಭಾಗದಲ್ಲಿ ಯಾವ ಗಂಡಸೂ ಒಂದು ವಾರಕ್ಕಿಂತ ಹೆಚ್ಚು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ನಾನು ಆರು ತಿಂಗಳು ಎಂದು ಬರೆದಿದ್ದೇನೆ. ಬರೆದ ಕೈಗೆ ಕೊಡುವ ಧೈರ್ಯ ಬರುತ್ತಿಲ್ಲ.

ನಮ್ಮ ಮಗಳು ಇಳಾಗೆ ಎಂಟು ತಿಂಗಳು. ಹೆಂಡತಿ ಸಿಂಧು ಕೆಲಸಕ್ಕೆ ಮರಳುವ ದಿನ ಹತ್ತಿರ ಬಂದಿದೆ. ಶಿಶುವಿಹಾರದಲ್ಲಿ ಏಪ್ರಿಲ್‌ವರೆಗೆ ಜಾಗವಿಲ್ಲ. ನಾನು ಮನೆಯಲ್ಲಿ ನಿಲ್ಲದಿದ್ದರೆ ಅವಳು ಕೆಲಸ ಬಿಡಬೇಕು, ಲೆಕ್ಕ ಅಷ್ಟು ಸರಳ. ಅವಳು ದಿನಾ ಸಂಜೆ ಒಂದೇ ಪ್ರಶ್ನೆ ಕೇಳುತ್ತಾಳೆ.

"ಕೊಟ್ಯಾ?"

"ಇನೋವೆ ಸಾನ್ ಮೀಟಿಂಗಲ್ಲಿದ್ರು ಕಣೆ."

"ಒಂಬತ್ ದಿನದಿಂದ ಒಂದೇ ಮೀಟಿಂಗಾ?"

ಇನೋವೆ ಸಾನ್ ನನ್ನ ಮ್ಯಾನೇಜರ್. ಪಾಪ, ಅವರೇನೂ ಹುಲಿಯಲ್ಲ. ಅಮ್ಮನಿಗೆ ಫೋನಿನಲ್ಲಿ ವಿಷಯ ಹೇಳಿದಾಗ ಅವಳು, "ಮಗು ನೋಡ್ಕೊಳ್ಳೋಕೆ ಗಂಡಸು ರಜಾ ಹಾಕೋದಾ? ಕೆಲಸ ಹೋಯ್ತು ಅನ್ಕೋತಾರೆ ಕಣೋ ಜನ" ಎಂದಳು. ನನಗೆ ನಗು ಬಂತು. ಯಾಕೆಂದರೆ ಹಾಗೆ ಅಂದುಕೊಂಡ ಜನರಲ್ಲಿ ಮೊದಲನೆಯವನೇ ನಾನು.

ಹತ್ತು ವರ್ಷದ ಹಿಂದಿನ ಮಾತು. ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನಿಂದ ಒಂದು ವರ್ಷದ ವಿನಿಮಯ ವಿದ್ಯಾರ್ಥಿಯಾಗಿ ಇಲ್ಲಿನ ತ್ಸುಕುಬಾ ವಿಶ್ವವಿದ್ಯಾಲಯಕ್ಕೆ ಬಂದಿದ್ದೆ. ಕಾಂಕ್ರೀಟಿನ ತುಂಡುಗಳನ್ನು ಯಂತ್ರದಲ್ಲಿಟ್ಟು ಎಷ್ಟು ಭಾರಕ್ಕೆ ಒಡೆಯುತ್ತವೆ ಎಂದು ನೋಡುವುದು ನನ್ನ ಕೆಲಸ. ಹೊರದೇಶದವರಿಗೆಂದೇ ಕಟ್ಟಿದ ವಸತಿಗೃಹದಲ್ಲಿ ವಾಸ. ಎರಡು ತಿಂಗಳು ಕೊಂಬಿನಿ ಎನ್ನುವ ಬೀದಿಬದಿ ಅಂಗಡಿಯ ಅನ್ನದುಂಡೆ ತಿಂದು ನಾಲಿಗೆ ಸತ್ತುಹೋಗಿತ್ತು. ಒಂದು ಶನಿವಾರ ಮಧ್ಯಾಹ್ನ ಕಾರಿಡಾರಿನಲ್ಲಿ ನಡೆದು ಬರುತ್ತಿದ್ದೇನೆ, ಏಲಕ್ಕಿಯ ಘಮ! ಯಾರೋ ನಮ್ಮವರು ಪಾಯಸ ಮಾಡುತ್ತಿದ್ದಾರೆ, ಪುಣ್ಯಾತ್ಮರು ಎಂದುಕೊಂಡು ಮೂಗು ಕರೆದುಕೊಂಡು ಹೋದ ಬಾಗಿಲಿನ ಗಂಟೆ ಒತ್ತಿಯೇಬಿಟ್ಟೆ. ಒಂದು ಲೋಟ ಕೊಡದೆ ಕಳಿಸುತ್ತಾರೆಯೇ?

ಬಾಗಿಲು ತೆರೆದವನು ಯೋಹಾನ್. ಮೈಮೇಲೆ ಹಿಟ್ಟು ಮೆತ್ತಿದ ಏಪ್ರನ್, ಸೊಂಟದಲ್ಲಿ ಒಂದು ವರ್ಷದ ಹೆಣ್ಣುಮಗು. ಅವನ ಹಿಂದೆ ಓವನ್ನಿನಲ್ಲಿ ಏಲಕ್ಕಿ ಬನ್ನು ಬೇಯುತ್ತಿತ್ತು. ಸ್ವೀಡನ್ನಿನವರು ಬನ್ನಿಗೆ ಏಲಕ್ಕಿ ಸುರಿಯುತ್ತಾರೆಂದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಮಗುವಿನ ಹೆಸರು ಮಾಯ ಎಂದ. ನಮ್ಮಲ್ಲೂ ಇರುವ ಹೆಸರು, ಅಮ್ಮನಿಗೆ ಹೇಳಿದರೆ "ಅವರು ಯಾವ ಪೈಕಿ?" ಎಂದು ಕೇಳಿಯಾಳು ಎಂದು ಮನಸ್ಸಿನಲ್ಲೇ ನಕ್ಕೆ.

ಹೇಳದೆ ಕೇಳದೆ ಮನೆಗೆ ಬಂದವನನ್ನು ಕಂಡು ಯೋಹಾನ್ ಗಾಬರಿಯಾಗಿದ್ದ ಎಂದು ಆಮೇಲೆ ತಿಳಿಯಿತು. ಅವರಲ್ಲಿ ಅಣ್ಣತಮ್ಮಂದಿರೂ ದಿನ ಗೊತ್ತು ಮಾಡಿಕೊಂಡು ಹೋಗುತ್ತಾರಂತೆ. ಆದರೂ ಒಳಗೆ ಕರೆದ. ಅಂಗಡಿಯಲ್ಲಿ ಸಿಗುವ ಏಲಕ್ಕಿಪುಡಿಗೆ ಘಮವೇ ಇಲ್ಲ ಎಂದು ಗೋಳಾಡಿದ. ನಾನು ಓಡಿಹೋಗಿ ಅಮ್ಮ ಕಟ್ಟಿಕೊಟ್ಟಿದ್ದ ಏಲಕ್ಕಿ ಡಬ್ಬಿ ತಂದೆ. ಅವನು ಮುಚ್ಚಳ ತೆಗೆದು ಮೂಸಿ ಕಣ್ಣು ಮುಚ್ಚಿಕೊಂಡ. ಅಲ್ಲಿಗೆ ಸ್ನೇಹವಾಯಿತು. ಪ್ರತಿ ಶುಕ್ರವಾರ ಮೂರು ಗಂಟೆಗೆ ಅವನ ಮನೆಯಲ್ಲಿ ನನಗೆ ಕಾಫಿ. ಕೆಲಸ ಬದಿಗಿಟ್ಟು ಕೂತು ಕುಡಿಯುವ ಈ ಕಾಫಿಗೆ ಅವರಲ್ಲಿ ಫೀಕಾ ಎಂದು ಹೆಸರೇ ಇದೆ.

ಅವನ ಹೆಂಡತಿ ಕರಿನ್ ಅಲ್ಲೊಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಬೆಳಿಗ್ಗೆ ಸೈಕಲ್ ಹತ್ತಿ ಹೋದರೆ ಸಂಜೆ ಆರಕ್ಕೆ ಬರುವಳು. ಯೋಹಾನ್ ಸೇತುವೆಗಳ ವಿನ್ಯಾಸ ಮಾಡುವ ಎಂಜಿನಿಯರ್ ಎಂದು ಮಾತಿನ ನಡುವೆ ತಿಳಿಯಿತು. ಸೇತುವೆ ಎಂಜಿನಿಯರ್ ಹಗಲೆಲ್ಲ ಮಗುವಿನ ಬಟ್ಟೆ ಒಗೆಯುತ್ತಾನೆ, ತರಕಾರಿ ತರುತ್ತಾನೆ, ಇಸ್ತ್ರಿ ಹಾಕುತ್ತಾನೆ. ಇಪ್ಪತ್ತೊಂದು ವರ್ಷದ ನನ್ನ ಬುದ್ಧಿಗೆ ಇದರ ಅರ್ಥ ಒಂದೇ: ಪಾಪ, ಕೆಲಸ ಹೋಗಿದೆ. ಹೇಳಿಕೊಳ್ಳಲು ಸಂಕೋಚ. ಇಷ್ಟಾದರೂ ಹಾಡಿಕೊಂಡು ಇಸ್ತ್ರಿ ಹಾಕುತ್ತಾನಲ್ಲ, ಎಂಥ ಸಂಯಮ ಎಂದು ಕಣ್ಣು ತುಂಬಿ ಬರುತ್ತಿತ್ತು.

ಆ ಮನೆಯಲ್ಲಿ ನನಗೆ ಅರ್ಥವಾಗದ ಸಂಗತಿಗಳು ಬಹಳ ಇದ್ದವು. ಫ್ರಿಜ್ಜಿನ ಮೇಲೆ ಒಂದು ಕ್ಯಾಲೆಂಡರ್. ಅದರಲ್ಲಿ ಹಸಿರು ಶಾಯಿ ಕರಿನ್‌ಳದು, ನೀಲಿ ಶಾಯಿ ಯೋಹಾನನದು. ಶನಿವಾರ, ಭಾನುವಾರದ ಅಡುಗೆ ಹಸಿರು. ಮಗುವಿನ ಲಸಿಕೆ ನೀಲಿ. ಸೈಕಲ್ ಪಂಕ್ಚರ್ ತೆಗೆಯುವುದು ಹಸಿರು, ಯಾಕೆಂದರೆ ಅದು ಕರಿನ್‌ಗೆ ಚೆನ್ನಾಗಿ ಬರುತ್ತಿತ್ತು. ಮೊದಲ ಸಲ ಅಲ್ಲಿ ಊಟ ಮಾಡಿ, ತಟ್ಟೆಯನ್ನು ಅಲ್ಲೇ ಬಿಟ್ಟು ಕೈತೊಳೆದು ಬಂದು, ಮನೆಯ ಯಜಮಾನಿಗೆ ವಂದನೆ ಹೇಳುವುದು ಮರ್ಯಾದೆಯೆಂದು ಕರಿನ್ ಕಡೆ ತಿರುಗಿ, "ನಿಮ್ಮ ಅಡುಗೆ ತುಂಬಾ ಚೆನ್ನಾಗಿತ್ತು" ಎಂದೆ. "ನಾನು ಈಗ ತಾನೇ ಬಂದೆನಲ್ಲ" ಎಂದು ಅವಳು ಬೆರಗಿನಿಂದ ನೋಡಿದಳು. ಯೋಹಾನ್ ಒರೆಸುವ ಬಟ್ಟೆಯೊಂದನ್ನು ನನ್ನ ಕೈಗಿಟ್ಟು, "ನಾನು ತೊಳೆಯುತ್ತೇನೆ, ನೀನು ಒರೆಸು" ಎಂದ. ಹುಟ್ಟಿದ ಮೇಲೆ ನಾನು ಒರೆಸಿದ ಮೊದಲ ತಟ್ಟೆ ಅದು. ಸುಳ್ಳೆನಿಸಿದರೆ ಅಮ್ಮನನ್ನೇ ಕೇಳಿ, ಸಾಕ್ಷಿ ಹೇಳುತ್ತಾಳೆ.

ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ್ದು, ಅಲ್ಲಿ ಯಾರೂ ಯೋಹಾನನನ್ನು ಹೊಗಳುತ್ತಿರಲಿಲ್ಲ. ನಮ್ಮಪ್ಪ ವರ್ಷಕ್ಕೊಮ್ಮೆ ಉಪ್ಪಿಟ್ಟು ಮಾಡಿದರೆ ಅದರ ಸುದ್ದಿ ಚಿಕ್ಕಮ್ಮನ ಮನೆವರೆಗೆ ಹೋಗುತ್ತಿತ್ತು. ಪಾರ್ಕಿನಲ್ಲಿ ಜಪಾನಿ ತಾಯಂದಿರು ಮಗು ಎತ್ತಿಕೊಂಡ ಯೋಹಾನನನ್ನು ಕಂಡು, "ಸುಗೊಯಿ, ಸುಗೊಯಿ" ಎಂದು ಶಹಭಾಸ್‌ಗಿರಿ ಕೊಡುತ್ತಿದ್ದರು. ಅವನು ತಲೆ ಕೆರೆದುಕೊಂಡು ನನ್ನನ್ನು ಕೇಳಿದ: "ಭಾನುವಾರ ಕರಿನ್ ಇದೇ ಪಾರ್ಕಿಗೆ ಬರುತ್ತಾಳೆ. ಅವಳಿಗೆ ಯಾಕೆ ಯಾರೂ ಹೀಗೆ ಹೇಳುವುದಿಲ್ಲ?"

ಇಷ್ಟೆಲ್ಲ ನೋಡಿಯೂ ನನಗೆ ಬುದ್ಧಿ ಬರಲಿಲ್ಲ ನೋಡಿ. ಒಂದು ದಿನ ನನ್ನ ಪ್ರಾಧ್ಯಾಪಕ ಮೋರಿತಾ ಸೆನ್ಸೆ ಅವರ ಮುಂದೆ ನಿಂತು, ನನ್ನ ನೆರೆಮನೆಯಲ್ಲಿ ಪ್ರತಿಭಾವಂತ ಸೇತುವೆ ಎಂಜಿನಿಯರ್ ಒಬ್ಬರು ಕೆಲಸವಿಲ್ಲದೆ ಕಷ್ಟದಲ್ಲಿದ್ದಾರೆ, ಏನಾದರೂ ದಾರಿ ಇದೆಯೇ ಎಂದು ಕೇಳಿಯೇಬಿಟ್ಟೆ. ಸೆನ್ಸೆ ಮಿತಭಾಷಿ. ತಲೆಯಾಡಿಸಿ ತಮ್ಮ ಕೆಲಸಕ್ಕೆ ಮರಳಿದರು. ಎರಡು ವಾರದ ಮೇಲೆ ಗೊತ್ತಾಯಿತು, ಅವರು ಮೂರು ಕಡೆ ಮಾತಾಡಿ ಒಂದು ಕಡೆ ಒಪ್ಪಿಸಿಯೂ ಇದ್ದರು. "ಅವರನ್ನು ಊಟಕ್ಕೆ ಕರೆದುಕೊಂಡು ಬಾ" ಎಂದರು. ನಾನು ಯೋಹಾನನಿಗೆ ವಿಷಯ ಹೇಳಲಿಲ್ಲ. ಸ್ವಾಭಿಮಾನಕ್ಕೆ ಪೆಟ್ಟಾದೀತೆಂದು, ನಮ್ಮ ಸೆನ್ಸೆಗೆ ಸ್ವೀಡನ್ ಬಗ್ಗೆ ಕುತೂಹಲ ಎಂದಷ್ಟೇ ಹೇಳಿದೆ.

ವಿಶ್ವವಿದ್ಯಾಲಯದ ಊಟದ ಹಾಲಿನಲ್ಲಿ ಸೆನ್ಸೆ ಟೈ ಕಟ್ಟಿಕೊಂಡು ಕೂತಿದ್ದರು. ಯೋಹಾನ್ ಮಾಯಳನ್ನು ಎದೆಗೆ ಕಟ್ಟಿಕೊಂಡು, ಹೆಗಲಿಗೆ ಡೈಪರ್ ಚೀಲ ಹಾಕಿಕೊಂಡು ಬಂದ. ಸೆನ್ಸೆ ಎರಡೂ ಕೈಯಲ್ಲಿ ವಿಸಿಟಿಂಗ್ ಕಾರ್ಡ್ ಕೊಟ್ಟು, ಆ ಕೆಲಸದ ವಿವರವನ್ನೆಲ್ಲ ನಿಧಾನವಾಗಿ ಹೇಳಿದರು. ಯೋಹಾನ್ ನನ್ನ ಕಡೆ ನೋಡಿದ. ನಾನು ನೂಡಲ್ಸ್ ಬಟ್ಟಲಿನ ಕಡೆ ನೋಡಿದೆ.

"ತುಂಬಾ ಉಪಕಾರವಾಯಿತು" ಎಂದ ಯೋಹಾನ್. "ಆದರೆ ನನಗೆ ಕೆಲಸ ಇದೆ, ಸ್ಟಾಕ್‌ಹೋಮಿನಲ್ಲಿ. ಮಗು ಹುಟ್ಟಿದಾಗ ಕರಿನ್ ಮನೆಯಲ್ಲಿದ್ದಳು. ಈಗ ನನ್ನ ಸರದಿ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೆ ಎನಿಸಿತು. ಸೆನ್ಸೆ ಮುಂದೆ ತಲೆ ಬಗ್ಗಿಸಿ ಎಷ್ಟು ಸಲ ಸುಮಿಮಾಸೆನ್, ಕ್ಷಮಿಸಿ ಎಂದೆನೋ ಲೆಕ್ಕವಿಲ್ಲ. ಆದರೆ ಅವರು ನನ್ನ ಮಾತು ಕೇಳುತ್ತಲೇ ಇರಲಿಲ್ಲ. ಮಾಯ ಕೈಚಾಚಿ ಅವರ ಟೈ ಹಿಡಿದುಕೊಂಡಿದ್ದಳು. ಅವರು ಬಿಡಿಸಿಕೊಳ್ಳಲಿಲ್ಲ. "ನನ್ನ ಮಗಳು ಈ ವಯಸ್ಸಿನಲ್ಲಿ ಎಚ್ಚರವಿರುವಾಗ ಹೇಗಿದ್ದಳೋ ನನಗೆ ನೆನಪಿಲ್ಲ. ನಾನು ಮನೆಗೆ ಹೋಗುವಾಗ ಅವಳು ಮಲಗಿರುತ್ತಿದ್ದಳು" ಎಂದರು. ಏಳು ತಿಂಗಳಲ್ಲಿ ಕಾಂಕ್ರೀಟು ಬಿಟ್ಟು ಬೇರೆ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ.

ಹಿಂದಿರುಗುವಾಗ ಯೋಹಾನ್ ಬಿದ್ದು ಬಿದ್ದು ನಕ್ಕ. ನನಗೆ ಸಿಟ್ಟು ಬಂದು, "ಹಾಗಾದರೆ ನಿನಗೆ ಇದೆಲ್ಲ ಬೇಜಾರಾಗುವುದಿಲ್ಲವೇ?" ಎಂದೆ. "ಕೆಲವು ದಿನ ತಲೆ ಚಚ್ಚಿಕೊಳ್ಳುವಷ್ಟು ಬೇಜಾರಾಗುತ್ತದೆ. ಕರಿನ್‌ಗೂ ಆಗುತ್ತಿತ್ತು" ಎಂದ. ಅವನು ದೇವರಂಥ ಮನುಷ್ಯ ಎಂದು ನಂಬಲು ನಾನು ಸಿದ್ಧನಾಗಿದ್ದೆ. ಅವನು ಅದಕ್ಕೂ ಅವಕಾಶ ಕೊಡಲಿಲ್ಲ.

ಆದರೆ ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಅದಾದ ಒಂದು ಭಾನುವಾರ. ನಾವು ನಾಲ್ವರೂ ಸೈಕಲ್ ದಾರಿಯ ಪಕ್ಕದ ಹುಲ್ಲಿನಲ್ಲಿ ಕೂತಿದ್ದೆವು. ಆಗಷ್ಟೇ ನಡೆಯಲು ಕಲಿತ ಮಾಯ ಮುಗ್ಗರಿಸಿ ಬಿದ್ದಳು. ಹಣೆಗೆ ಪೆಟ್ಟಾಯಿತು. ಕರಿನ್ ಎರಡೇ ಹೆಜ್ಜೆ ದೂರದಲ್ಲಿದ್ದಳು, ಯೋಹಾನ್ ಆಚೆ ಮರದ ಕೆಳಗೆ. ಮಗು ಅಳುತ್ತಾ ಎದ್ದು, ಅಮ್ಮನನ್ನು ದಾಟಿಕೊಂಡು, ತಟ್ಟಾಡುತ್ತಾ ಅಪ್ಪನ ಹತ್ತಿರ ಹೋಯಿತು. ನಾನು ಕರಿನ್‌ಳ ಮುಖ ನೋಡಿದೆ. ಅವಳಿಗೆ ನೋವಾಗಿರಲಿಲ್ಲ. ಚೀಲದಿಂದ ಗಾಯಕ್ಕೆ ಅಂಟಿಸುವ ಪಟ್ಟಿ ತೆಗೆದು ಯೋಹಾನನ ಕಡೆ ಎಸೆದಳು, ಅಷ್ಟೇ. ಅಳುವ ಮಗುವೆಂದರೆ ಅಮ್ಮನ ಹತ್ತಿರ ಓಡುವುದು, ಅದು ಸೂರ್ಯ ಹುಟ್ಟಿದಂತೆ ಸಹಜ ಎಂದು ನಾನು ತಿಳಿದಿದ್ದೆ. ಹಾಗಲ್ಲ, ಯಾರು ಇರುತ್ತಾರೋ ಅವರ ಹತ್ತಿರ ಓಡುತ್ತದೆ. ಆ ಹುಲ್ಲಿನ ಮೇಲೆ ಕೂತು ನನ್ನ ಮೈ ಜುಮ್ಮೆಂದದ್ದು ಇವತ್ತಿಗೂ ನೆನಪಿದೆ. ಜೊತೆಗೆ, ನಾನು ಬಿದ್ದಾಗ ಒಮ್ಮೆಯೂ ಅಪ್ಪನ ಕಡೆ ಓಡಿರಲಿಲ್ಲ ಎನ್ನುವುದೂ ನೆನಪಾಗಿ ಸಂಕಟವಾಗಿತ್ತು.

ಇವತ್ತು ಪಾಯಸ ಕುದಿಯುತ್ತಿರುವಾಗ ಇಳಾ ಎದ್ದು ಅತ್ತಳು. ನಾನೇ ಎತ್ತಿಕೊಂಡೆ. ಅವಳು ನನ್ನ ತೋಳಿನಲ್ಲೇ ಬಿಲ್ಲಿನ ಹಾಗೆ ಬಾಗಿ, ಕತ್ತು ತಿರುಗಿಸಿ ಸಿಂಧುವನ್ನು ಹುಡುಕಿದಳು. ಎಂಟು ತಿಂಗಳಿಂದ ನಾನು ಅವಳನ್ನು ಎತ್ತಿಕೊಳ್ಳುವುದೇ ಇನ್ನೊಬ್ಬರ ಕೈಗೆ ಕೊಡಲು. ಸಿಂಧು ಬಂದು ಎತ್ತಿಕೊಂಡಳು. ಅಳು ನಿಂತಿತು. "ನಾಳೆ ಮೀಟಿಂಗ್ ಮುಗಿಯತ್ತಾ?" ಎಂದು ಮಾತ್ರ ಕೇಳಿದಳು.

ಇಷ್ಟು ಬರೆದು ನಿಲ್ಲಿಸಿ ಹತ್ತು ವಾರವಾಯಿತು. ಮುಂದಿನದನ್ನು ಮಗು ಮಲಗಿದ ಹೊತ್ತು ನೋಡಿ ಬರೆಯುತ್ತಿದ್ದೇನೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಆ ಸೋಮವಾರ ಬೆಳಿಗ್ಗೆ, ಕಂಪ್ಯೂಟರ್ ತೆರೆಯುವ ಮೊದಲೇ, ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ಇನೋವೆ ಸಾನ್ ಮುಂದೆ ನಿಂತೆ. ಅವರು ಹಲ್ಲುಗಳ ನಡುವೆ ಉಸಿರೆಳೆದರು. ಇಲ್ಲಿ ಕಷ್ಟದ ವಿಷಯ ಬಂದಾಗ ಹಾಗೆ ಮಾಡುತ್ತಾರೆ. "ಪೂರ್ತಿ ಆರು ತಿಂಗಳೇ?" ಎಂದರು. ಹತ್ತು ವರ್ಷ ಹಿಂದೆ ಕೇಳಿದ ಮಾತೇ ಬಾಯಿಗೆ ಬಂತು. "ಹೆಂಡತಿಯದು ಆಯಿತು. ಈಗ ನನ್ನ ಸರದಿ" ಎಂದೆ. ಅವರು ಅರ್ಜಿಯನ್ನು ಇನ್ನೊಮ್ಮೆ ಓದಿ ಮೊಹರು ಒತ್ತಿದರು.

ಮೊದಲ ವಾರ ಇಳಾ ಬಾಗಿಲನ್ನೇ ನೋಡಿಕೊಂಡು ಅತ್ತಳು. ನಾನೂ ಬಾಗಿಲನ್ನೇ ನೋಡುತ್ತಿದ್ದೆ. ಗಂಜಿ ತಳ ಹಿಡಿಸಿದೆ, ಬಿಳಿ ಬಟ್ಟೆಗೆ ಕೆಂಪು ಕಾಲುಚೀಲ ಸೇರಿಸಿ ಒಗೆದೆ. ತಲೆ ಚಚ್ಚಿಕೊಳ್ಳುವಷ್ಟು ಬೇಜಾರೂ ಆಯಿತು. ಯೋಹಾನ್ ಸುಳ್ಳು ಹೇಳಿರಲಿಲ್ಲ.

ಇವತ್ತು ಹನ್ನೊಂದು ಗಂಟೆಗೆ ಅವಳನ್ನು ಎದೆಗೆ ಕಟ್ಟಿಕೊಂಡು ಲಿಫ್ಟಿನಲ್ಲಿ ಇಳಿಯುತ್ತಿದ್ದೆ. ನಾಲ್ಕನೇ ಮಹಡಿಯಲ್ಲಿ ಹೊಸದಾಗಿ ಬಂದಿರುವ ಬೆಂಗಳೂರಿನ ಎಂಜಿನಿಯರ್ ಪ್ರಜ್ವಲ್ ಹತ್ತಿದ. ಅಪರಿಚಿತ ಮುಖ ಕಂಡು ಇಳಾ ಬೆದರಿದಳು. ಬೆದರಿ, ತಲೆಯನ್ನು ನನ್ನ ಅಂಗಿಯೊಳಗೆ ಹುದುಗಿಸಿ, ಮುಷ್ಟಿಯಲ್ಲಿ ನನ್ನ ಕಾಲರ್ ಹಿಡಿದುಕೊಂಡಳು. ನನಗೆ ಕೂಗಿ ಹೇಳಬೇಕೆನಿಸಿತು, ನೋಡಯ್ಯಾ, ಇವಳು ನನ್ನ ಹತ್ತಿರ ಓಡಿಬಂದಳು ಎಂದು. ಅವನು ನನ್ನ ಹೆಗಲಿನ ಡೈಪರ್ ಚೀಲವನ್ನೂ ಕಣ್ಣಿನಲ್ಲಿದ್ದ ನೀರನ್ನೂ ನೋಡಿ ತುಂಬ ನೊಂದುಕೊಂಡ.

"ಸಾರ್, ತಪ್ಪು ತಿಳ್ಕೋಬೇಡಿ" ಎಂದ ದನಿ ತಗ್ಗಿಸಿ. "ಒಂದ್ ವಾರದಿಂದ ನೋಡ್ತಾ ಇದೀನಿ, ಹಗಲೊತ್ತು ಮನೇಲೇ ಇರ್ತೀರ. ಮಾರ್ಕೆಟ್ ಈಗ ಎಲ್ರಿಗೂ ಕಷ್ಟಾನೇ. ನಮ್ ಕಂಪನೀಲಿ ಓಪನಿಂಗ್ ಇದೆ. ನಿಮ್ ರೆಸ್ಯೂಮೆ ಕಳ್ಸಿ, ಮ್ಯಾನೇಜರ್ ಹತ್ರ ನಾನೇ ಮಾತಾಡ್ತೀನಿ."

ಎಷ್ಟು ಒಳ್ಳೆಯ ಹುಡುಗ! ನಗು ತಡೆದುಕೊಂಡು, "ಶನಿವಾರ ಮೂರು ಗಂಟೆಗೆ ಮನೆಗೆ ಬಾಪ್ಪ, ಕಾಫಿ ಕುಡ್ಕೊಂಡು ಮಾತಾಡೋಣ" ಎಂದೆ. ಏಲಕ್ಕಿ ಕುಟ್ಟಿಟ್ಟಿದ್ದೇನೆ. ಬನ್ನು ನಾನೇ ಮಾಡುತ್ತೇನೆ. ಕಾಫಿ ಆದಮೇಲೆ ಲೋಟ ನಾನು ತೊಳೆಯುತ್ತೇನೆ, ಒರೆಸುವ ಬಟ್ಟೆ ಅವನ ಕೈಗೆ ಕೊಡುತ್ತೇನೆ.