ಖಾಲಿ ಬಿಟ್ಟ ಬಿಲ್ ನಂಬರು

ಬಿಲ್ ನಂಬರುಗಳ ನಡುವೆ ಒಂದನ್ನೂ ಖಾಲಿ ಬಿಡಬಾರದು. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಈ ನಿಯಮವನ್ನು ನಾನೂ ಮುರಿದೆ. ಬಿಲ್ ಬುಕ್ಕಿನ ಬದಲು ವೆಬ್ ಆ್ಯಪ್ ಮಾಡಿಕೊಡಲು ಹೋಗಿದ್ದೆ.

“ದಿನಾ ಎರಡು ನಂಬರ್ ಖಾಲಿ ಇರ್ಲಿ ಸರ. ಹಿಂದಿನ ತಾರೀಖಿನ ಬಿಲ್ ಬೇಕಾದ್ರ ಏನ್ ಮಾಡೂದು?” ಎಂದರು ಮಾಲೀಕರು.

“ಡೇಟಾಬೇಸ್ ಒಪ್ಪೋದಿಲ್ಲ.”

“ಅದನ್ನ ಮಾಡಿದವರು ನೀವ ಅಲ್ಲೇನ್ರಿ?”

ಮೂರನೇ ದಿನ, ಒತ್ತಿದರೆ ಒಂದು ನಂಬರನ್ನು ಹಾಗೇ ಬಿಟ್ಟು ಮುಂದೆ ಹೋಗುವ ‘ಖಾಲಿ’ ಎಂಬ ಬಟನ್ ಸೇರಿಸಿಕೊಟ್ಟೆ.

ಬಿಲ್ ಬರೆಯುವ ಶಾಂತಮ್ಮ ಪರದೆ ನೋಡಿದರು. “ಬುಕ್ಕಿನಾಗ ಯಾರ್ ಬರದ್ರಂತ ಗೊತ್ತಾಗ್ತಿರ್ಲಿಲ್ರಿ. ಇಲ್ಲಿ ಕೆಳಗ ನನ್ನ ಹೆಸರು ಬರ್ತೈತಿ. ನಾಳೆ ಟ್ಯಾಕ್ಸಿನವರು ಬಂದ್ರ ಕೇಳೂದು ನನ್ನನ್ನ.”

“ಸಾವ್ಕಾರ್ರು ಹೇಳ್ಯಾರಲ್ರಿ ಅಕ್ಕಾರ,” ಎಂದೆ.

ಒಮ್ಮೆ ರದ್ದಾದ ಬಿಲ್ ನಂಬರನ್ನು ಯಾರೂ ಮತ್ತೆ ತೆರೆಯಲಾಗದಂತೆ ಆ್ಯಪ್‌ನ ಕೋಡ್ ಬರೆದವನೂ ನಾನೇ. ಶಾಂತಮ್ಮ ಕನ್ನಡಕ ಏರಿಸಿಕೊಂಡು, ಖಾಲಿ ಬಿಟ್ಟ ನಂಬರುಗಳನ್ನು ಒಂದೊಂದಾಗಿ ತೆರೆದು, ‘ರದ್ದು’ ಎಂದು ಟೈಪ್ ಮಾಡಿ ಸೇವ್ ಒತ್ತಿದರು.