ಅಕ್ಕ ಕೈ ಇಳಿಸಿದ ಮಧ್ಯಾಹ್ನ

ನಮ್ಮಕ್ಕ ಇಸ್ತ್ರಿ ಮಾಡುವವಳು. ಇಪ್ಪತ್ತಾರು ವರ್ಷದಿಂದ ಅದೇ ಅಂಗಡಿ, ಅದೇ ಉದ್ದನೆಯ ಮೇಜು. ಒದ್ದೆ ಬಟ್ಟೆಯ ಮೇಲೆ ಬಿಸಿ ಪೆಟ್ಟಿಗೆ ಇಟ್ಟಳೆಂದರೆ ಆವಿ ಎದ್ದು ಸೊಂಟದವರೆಗೆ ಅವಳು ಕಾಣಿಸುವುದೇ ಇಲ್ಲ. ಮೋಡದ ಮೇಲೆ ನಿಂತು ಕೆಲಸ ಮಾಡುತ್ತಿದ್ದಾಳೇನೋ ಅನ್ನಿಸುತ್ತದೆ. ನನಗೆ ಕೋಪ ಮೂಗಿನ ತುದಿಯಲ್ಲಿ. ಅವಳು ತನ್ನ ಕೋಪವನ್ನು ಎಲ್ಲಿಟ್ಟಿದ್ದಾಳೋ ಅವಳಿಗೇ ಮರೆತುಹೋಗಿದೆ.

ಹೋದ ವರ್ಷ, ನಲವತ್ತೆಂಟು ತುಂಬಿದ ಮೇಲೆ, ಗುರಿ ಹೊಡೆಯುವ ಕ್ಲಬ್ಬಿಗೆ ಪರದೆ ತಲುಪಿಸಲು ಹೋದವಳು ಅಲ್ಲೇ ನಿಂತುಬಿಟ್ಟಳು. ತಗಡಿನ ಶೆಡ್ಡು. ಹತ್ತು ಮೀಟರ್ ಆಚೆ ಬಿಳಿ ಕಾಗದ, ಅದರ ನಡುವೆ ಕಪ್ಪು ವೃತ್ತ. ಜನ ಒಂದು ಕೈ ಜೇಬಿಗೆ ಹಾಕಿ ಇನ್ನೊಂದು ಕೈ ಚಾಚಿ, ನಿದ್ದೆಯಲ್ಲಿ ನಿಂತವರ ಹಾಗೆ ನಿಂತಿದ್ದರು. ಕಲಿಸುವ ಮೇಷ್ಟ್ರು ತಮಾಷೆಗೆ ಅವಳ ಕೈಗೊಂದು ಗಾಳಿ ಪಿಸ್ತೂಲು ಕೊಟ್ಟರಂತೆ. ಹೆಚ್ಚುಕಮ್ಮಿ ಒಂದು ಕಿಲೋ ತೂಕ. ಅವಳ ತೋಳು ಅಲುಗಲಿಲ್ಲ.

"ಏನ್ ಕೆಲಸ ಮಾಡ್ತೀಯಮ್ಮಾ?"

"ಇಸ್ತ್ರಿ, ಮೇಷ್ಟ್ರೇ. ಇದು ನಮ್ ಪೆಟ್ಟಿಗೆಗಿಂತ ಹಗುರ."

ಮೊದಲ ವರ್ಷ ಕ್ಲಬ್ಬಿನ ಪಿಸ್ತೂಲನ್ನು ಸುಮ್ಮನೆ ಕೊಡುತ್ತಾರೆ. ಆಮೇಲೆ ಪರೀಕ್ಷೆ. ಎಪ್ಪತ್ತೈದು ನಿಮಿಷ, ಅರವತ್ತು ಗುಂಡು, ಒಂದೊಂದಕ್ಕೆ ಹೆಚ್ಚೆಂದರೆ ಹತ್ತು ಅಂಕ. ಐನೂರಿಪ್ಪತ್ತು ಬಂದರೆ ಪಿಸ್ತೂಲು ಅವಳ ಹತ್ತಿರವೇ ಉಳಿಯುತ್ತದೆ. ಬರದಿದ್ದರೆ ಸರತಿಯಲ್ಲಿ ಕಾದಿರುವ ಇನ್ನೊಬ್ಬರಿಗೆ ಹೋಗುತ್ತದೆ. ಸಿಗುವುದು ಮೂರು ಅವಕಾಶ. ಅದರಲ್ಲಿ ಎರಡು ಆಗಲೇ ಕೈತಪ್ಪಿದ್ದವು.

ತಪ್ಪು ಇಸ್ತ್ರಿ ಮೇಜಿನಿಂದಲೇ ಬಂದದ್ದು. ಕೈಗೆತ್ತಿಕೊಂಡ ಅಂಗಿಯನ್ನು ಅವಳು ಅರ್ಧಕ್ಕೆ ಬಿಟ್ಟವಳಲ್ಲ. ಪಿಸ್ತೂಲೂ ಹಾಗೆಯೇ, ಎತ್ತಿದ ಮೇಲೆ ಹೊಡೆದೇ ಇಳಿಸಬೇಕು. ಐವತ್ತು ನಿಮಿಷದಲ್ಲಿ ಅರವತ್ತನ್ನೂ ಮುಗಿಸಿ ಕೂರುತ್ತಿದ್ದಳು. ನಲವತ್ತರವರೆಗೆ ಮುತ್ತು ಪೋಣಿಸಿದ ಹಾಗೆ. ಅಲ್ಲಿಂದಾಚೆ ಭುಜ ಸೋತು ಪಿಸ್ತೂಲಿನ ಮೊನೆ ನಡುಗುತ್ತಿದ್ದರೂ ಟ್ರಿಗರ್ ಒತ್ತಿಬಿಡುವಳು.

"ಇಳ್ಸಮ್ಮಾ, ಇಳ್ಸು!" ಮೇಷ್ಟ್ರು ಹಣೆ ಚಚ್ಚಿಕೊಂಡರು. "ಎಂಟು ಎಣ್ಸೋದ್ರೊಳಗೆ ಗುಂಡು ಹೋಗ್ಲಿಲ್ಲ ಅಂದ್ರೆ ಕೈ ಇಳ್ಸು, ಉಸಿರು ತಗೋ. ಗುರಿ ಎಲ್ಲೂ ಓಡಿಹೋಗಲ್ಲ, ಮೊಳೆ ಹೊಡ್ದಿದೀನಿ."

"ಎತ್ತಿದ್ದು ಇಳಿಸಿದ್ರೆ ಸೋತ ಹಾಗಲ್ವಾ?"

"ಸೋತಿರೋದು ತೋಳು. ನೀನಲ್ಲ."

ಅಂದಿನಿಂದ ಮನೆಯಲ್ಲಿ ಅದೇ ಅಭ್ಯಾಸ. ಗುಂಡಿಲ್ಲದ ಪಿಸ್ತೂಲನ್ನು ಬೋಳುಗೋಡೆಯ ಕಡೆ ಎತ್ತುವುದು, ಹೊಡೆಯದೆ ಇಳಿಸುವುದು. ಕಿಟಕಿಯ ಬಿಸಿಲು ಗೋಡೆಯ ಮೇಲೆ ಜರುಗುತ್ತಿತ್ತು. ತೋಳಿನ ನೆರಳು ಏಳುತ್ತಿತ್ತು, ಇಳಿಯುತ್ತಿತ್ತು. ನೋಡುತ್ತ ಕೂತರೆ ನನಗೇ ಕಣ್ಣು ಎಳೆಯುತ್ತಿತ್ತು.

"ಏನಕ್ಕಾ, ಗೋಡೆಗೆ ಸುಣ್ಣ ಹೊಡೀತಿದೀಯಾ?"

"ನೀನು ದನಿ ಇಳ್ಸೋದು ಕಲಿಯೋ. ನಾನು ಕೈ ಇಳ್ಸೋದು ಕಲೀತೀನಿ."

ಮೂರನೆಯ ಪರೀಕ್ಷೆಯ ಮಧ್ಯಾಹ್ನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಮೂವತ್ತೈದು ನಿಮಿಷಕ್ಕೆ ನಲವತ್ತು ಗುಂಡು ಮುಗಿದವು. ಅಕ್ಕ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಬಿಟ್ಟಳು. ಐದು ನಿಮಿಷವಾಯಿತು. ಹತ್ತಾಯಿತು. ಪಕ್ಕದವರ ಪಿಸ್ತೂಲು ಟಪ್ ಟಪ್ ಎನ್ನುತ್ತಲೇ ಇತ್ತು. ನನ್ನ ರಕ್ತ ಕುದಿಯಿತು. ಎಬ್ಬಿಸಲು ಎದ್ದವನ ಅಂಗಿಯನ್ನು ಮೇಷ್ಟ್ರು ಹಿಡಿದೆಳೆದರು.

"ಕೂತ್ಕೊಳಯ್ಯಾ. ಅವಳು ಕೆಲಸದಲ್ಲಿದ್ದಾಳೆ."

ಆ ಹೊತ್ತು ಮುಚ್ಚಿದ ಕಣ್ಣೊಳಗೆ ಏನಿತ್ತೆಂದು ಅಕ್ಕ ಆಮೇಲೆ ಹೇಳಿದಳು: ಮೈಯಿಲ್ಲದ ಬಿಳಿ ಅಂಗಿಗಳು ಸಾಲಾಗಿ ಗಾಳಿಯಲ್ಲಿ ತೇಲುತ್ತಿದ್ದುವಂತೆ, ಒಂದೊಂದೇ ತೋಳು ತಾನಾಗಿ ಕೆಳಗಿಳಿಯುತ್ತಿತ್ತಂತೆ. ಕಡೆಯ ತೋಳು ಇಳಿದಾಗ ಅವಳ ಭುಜದಲ್ಲಿ ನೋವೇ ಇರಲಿಲ್ಲವಂತೆ.

ಹನ್ನೆರಡು ನಿಮಿಷ ಕಳೆದು ಎದ್ದಳು. ಎತ್ತಿದಳು, ಇಳಿಸಿದಳು, ಎತ್ತಿದಳು, ಹೊಡೆದಳು. ನಾಲ್ಕು ಸಲ ಎತ್ತಿದರೆ ಒಂದು ಗುಂಡು. ಕಣ್ಣು ಪಿಸ್ತೂಲಿನ ತುದಿಯಲ್ಲಿರುವ ಮುಂಗುರಿ ಎಂಬ ಪುಟ್ಟ ಗೂಟದ ಮೇಲೆ ನೆಟ್ಟರೆ ಆಚೆಯ ಕಪ್ಪು ವೃತ್ತ ಮಂಜಿನೊಳಗೆ ಮಸುಕಾಗುತ್ತದೆ. ಮಸುಕಾಗಿಯೇ ಇರಬೇಕು, ಅದು ಈ ವಿದ್ಯೆಯ ಗುಟ್ಟು. ಐವತ್ತೊಂಬತ್ತು ಮುಗಿದವು. ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷ ಉಳಿದಿತ್ತು. ಕಡೆಯ ಗುಂಡಿಗೆ ಎತ್ತಿದಳು, ಮೊನೆ ನಡುಗಿತು, ಇಳಿಸಿದಳು. ಮತ್ತೆ ಎತ್ತಿದಳು. ನಾನು ಹಲ್ಲು ಕಚ್ಚಿಕೊಂಡೆ. ಮತ್ತೆ ಇಳಿಸಿದಳು. ಗಂಟೆ ಹೊಡೆಯಿತು.

ಅಕ್ಕ ಮೇಷ್ಟ್ರನ್ನು ಕರೆದು, ಒಳಗೊಂದು ಗುಂಡು ಉಳಿದಿದೆಯೆಂದು ತೋರಿಸಿದಳು.

"ಕೈಯಲ್ಲಿದ್ದದ್ದನ್ನ ಕಳ್ಕೊಂಡ್ಯಲ್ಲಕ್ಕಾ!" ಶೆಡ್ಡೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ.

"ಅದು ಒಳ್ಳೇದಾಗಿ ಬೀಳ್ತಿರಲಿಲ್ಲ ಕಣೋ," ಅಂದಳು, ಅಷ್ಟೇ.

ಮೇಷ್ಟ್ರು ಭೂತಗನ್ನಡಿ ಹಿಡಿದು ಕಾಗದ ಕಾಗದಕ್ಕೂ ತೂತು ಎಣಿಸಿದರು. ಮೊದಲ ನಲವತ್ತಕ್ಕೆ ಮುನ್ನೂರೈವತ್ತಾರು. ಉಳಿದ ಹತ್ತೊಂಬತ್ತಕ್ಕೆ ನೂರರವತ್ತಾರು. ಕೂಡಿಸಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಕೂಡಿಸಿದರು. ಐನೂರಿಪ್ಪತ್ತೆರಡು.

ಪಿಸ್ತೂಲಿನ ಡಬ್ಬಿಯ ಕೀಲಿಯನ್ನು ಅವಳ ಮುಂದೆ ಚಾಚಿದರು. ಅಕ್ಕ ಬಲಗೈ ಎತ್ತಲು ನೋಡಿದಳು. ಅದು ಏಳಲೇ ಇಲ್ಲ. ನಗುತ್ತ ಎಡಗೈಯಲ್ಲಿ ತೆಗೆದುಕೊಂಡಳು.